ಸೂರ್ಯಾಸ್ತದ ಮೇಲೆ ಬೊಂಬಾಯಿ

ತ್ಯಾಗವೇ ಮನುಷ್ಯನನ್ನು ಎತ್ತರಕ್ಕೆ ಏರಿಸುವುದು. ಕೂಡಿಟ್ಟುಕೊಂಡದ್ದರಿಂದ ಯಾರೂ ದೊಡ್ಡವರಾದದ್ದಿಲ್ಲ, ಬಿಟ್ಟದ್ದರಿಂದ ಆಗಿದ್ದಾರೆ. ಈ ಗಂಭೀರ ಸತ್ಯವನ್ನು ನಾನು ಕಲಿತದ್ದು ನನ್ನ ಸೋದರಮಾವನಿಂದ. ಅವರು ವರ್ಷಕ್ಕೊಂದು ವಸ್ತುವನ್ನು ತಪ್ಪದೆ ತ್ಯಾಗ ಮಾಡುತ್ತಿದ್ದರು. ಅವರಷ್ಟು ಎಚ್ಚರಿಕೆಯಿಂದ ತ್ಯಾಗ ಮಾಡಿದವರನ್ನು ನಾನು ಬೇರೆ ಕಂಡಿಲ್ಲ. ತಮಗೆ ಸೇರದ ವಸ್ತು ಯಾವುದೆಂದು ಮೊದಲು ಹುಡುಕುತ್ತಿದ್ದರು, ಆಮೇಲೆ ಅದನ್ನು ಬಿಡುತ್ತಿದ್ದರು.

ದಶಲಕ್ಷಣ ಪರ್ವದ ಸಮಯದಲ್ಲಿ ಬಸದಿಗೆ ಹೋಗಿ, ಇಂದ್ರರ ಮುಂದೆ, ಇಂಥದ್ದನ್ನು ಬಿಟ್ಟೆ ಎಂದು ನಿಯಮ ತೆಗೆದುಕೊಳ್ಳುವ ಪದ್ಧತಿ ನಮ್ಮ ಜೈನರಲ್ಲಿ ಉಂಟು. ಇಂದ್ರರೆಂದರೆ ಐರಾವತ ಇರುವವರಲ್ಲ. ನಮ್ಮ ಕಡೆ ಬಸದಿಯ ಪುರೋಹಿತರಿಗೆ ಇಂದ್ರರೆಂದೇ ಹೆಸರು. ಮಾವ ಒಂದು ವರ್ಷ ಹಾಗಲಕಾಯಿಯನ್ನು ಬಿಟ್ಟರು. ಹಾಗಲಕಾಯಿ ಬಡಿಸಿದ ದಿನ ಅವರು ಎಲೆಯನ್ನೇ ಆಚೆ ತಿರುಗಿಸಿಕೊಳ್ಳುತ್ತಿದ್ದುದನ್ನು ನಾವೆಲ್ಲ ನೋಡಿದ್ದೆವು. ಇನ್ನೊಂದು ವರ್ಷ ಮೆಂತೆಯ ಗಂಜಿಯನ್ನು ಬಿಟ್ಟರು. ಮತ್ತೊಂದು ವರ್ಷ, ಬಿಡಲಿಕ್ಕೆ ಮನೆಯೊಳಗೆ ಏನೂ ಸಿಕ್ಕದೆ, ವಿಮಾನದಲ್ಲಿ ಕುಳಿತುಕೊಳ್ಳುವುದನ್ನು ಬಿಟ್ಟರು.

"ಕಷ್ಟ ಆಗ್ಲಿಕ್ಕಿಲ್ವಾ ಯಜಮಾನ್ರೇ?" ಎಂದು ಇಂದ್ರರು ಕೇಳಿದರಂತೆ.

"ಮೊದಮೊದಲು ಆಗ್ತದೆ. ಆಮೇಲೆ ಅಭ್ಯಾಸ ಆಗ್ತದೆ" ಎಂದರಂತೆ ಮಾವ.

ನಮ್ಮ ಮನೆ ಮೂಡುಬಿದಿರೆಯಲ್ಲಿ, ಬಸದಿಯ ಗಂಟೆ ಕೇಳುವಷ್ಟು ಹತ್ತಿರದಲ್ಲಿತ್ತು. ಅಳಿಯಸಂತಾನದ ಮನೆ, ಎಂದರೆ ಅಮ್ಮನ ಅಣ್ಣನೇ ಯಜಮಾನ. ಆ ಕಟ್ಟಳೆಯನ್ನು ತಿದ್ದುವ ಹೊಸ ಕಾನೂನು ಬಂದು ಕೆಲವು ವರ್ಷಗಳಾಗಿದ್ದವು. ಆದರೆ ದಿಲ್ಲಿಯಿಂದ ಹೊರಟ ಕಾನೂನು ನಮ್ಮ ಜಗಲಿಯ ತನಕ ಬಂದಿರಲಿಲ್ಲ. ಬಂದಿದ್ದರೂ ಮಾವ ಅದನ್ನು ಅಂಗಳದಲ್ಲೇ ನಿಲ್ಲಿಸಿ "ಎಂತ ವಿಷಯ?" ಎಂದು ಕೇಳುತ್ತಿದ್ದರು. ಮಾವನ ಹೆಂಡತಿ, ನಮ್ಮ ಅತ್ತೆ, ಇದ್ದದ್ದು ತಮ್ಮ ತಾಯಿಯ ಮನೆಯಲ್ಲಿ. ಅದಕ್ಕೆ ಅಳಿಯಸಂತಾನ ಕಾರಣವೆಂದು ಮಾವ ಹೇಳುತ್ತಿದ್ದರು. ಸಂಜೆ ನಾಲ್ಕು ಗಂಟೆಯ ಊಟ ಕಾರಣವೆಂದು ಅತ್ತೆ ಹೇಳುತ್ತಿದ್ದರು.

ನಾಲ್ಕು ಗಂಟೆಯ ಊಟ ಏಕೆಂದು ಹೇಳಬೇಕು. ಸೂರ್ಯ ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲ. ಊರಿನ ಎಷ್ಟೋ ಮನೆಗಳಲ್ಲಿ ಈ ನಿಯಮವನ್ನು ಶ್ರದ್ಧೆಯಿಂದ, ಸದ್ದಿಲ್ಲದೆ ನಡೆಸಿಕೊಂಡು ಬಂದಿದ್ದರು. ಮಾವ ಸದ್ದು ಮಾಡಿ ನಡೆಸುತ್ತಿದ್ದರು. ಮೋಡ ಮುಚ್ಚಿದ ದಿನ ಸೂರ್ಯ ಎಲ್ಲಿದ್ದಾನೆಂದು ಯಾರಿಗೆ ಗೊತ್ತು? ಅವನನ್ನು ನಂಬಿ ಮೋಸಹೋಗಬಾರದೆಂದು ಮಾವ ನಾಲ್ಕಕ್ಕೇ ಎಲೆ ಹಾಕಿಸುತ್ತಿದ್ದರು. ಐದು ಗಂಟೆಗೆ ಬಂದ ನೆಂಟರನ್ನು ನಾವು ಯಾರೂ "ಊಟ ಆಯ್ತಾ?" ಎಂದು ಕೇಳುತ್ತಿರಲಿಲ್ಲ. ಆಗಿಲ್ಲ ಎಂದುಬಿಟ್ಟರೆ ಮಾಡುವುದೇನು? ಉಳಿದ ಊರಿಗೆಲ್ಲ ಸೂರ್ಯ ಮುಳುಗುತ್ತಿದ್ದುದು ಪಡುವಣ ಕಡಲಿನಲ್ಲಿ. ನಮ್ಮ ಮನೆಗೆ ಅವನು ಮುಳುಗುತ್ತಿದ್ದುದು ಮಾವ ಕೈ ತೊಳೆದಾಗ.

ಮಾವನ ಭಾಷೆಯ ಬಗ್ಗೆಯೂ ಒಂದು ಮಾತು. ಮನೆಯಲ್ಲಿ ನಮ್ಮದೆಲ್ಲ ತುಳು. ಮಾವ ಬೈಯುವುದು ತುಳುವಿನಲ್ಲಿ, ನಗುವುದು ತುಳುವಿನಲ್ಲಿ, ದನ ಅಟ್ಟುವುದು ತುಳುವಿನಲ್ಲಿ. ತೀರ್ಪು ಕೊಡುವುದು ಮಾತ್ರ ಕನ್ನಡದಲ್ಲಿ, ಅದೂ ಪಾಠಪುಸ್ತಕದ ಕನ್ನಡದಲ್ಲಿ. ಅವರ ಬಾಯಿಂದ "ಆದುದರಿಂದ" ಎಂಬ ಶಬ್ದ ಹೊರಟಿತೆಂದರೆ ಅಮ್ಮ ಒಲೆಯ ಬೆಂಕಿ ಹಿಂದಕ್ಕೆಳೆದು ಹೊರಗೆ ಬಂದು ನಿಲ್ಲುತ್ತಿದ್ದಳು. ಮನೆಯಲ್ಲಿ ಯಾರಿಗೋ ಏನೋ ನಿಷೇಧವಾಯಿತೆಂದು ಅರ್ಥ.

ಇನ್ನೊಂದು ಸಂಗತಿ ಉಂಟು. ಹಾಸಿಗೆ ಸೇರಿದ ಮೇಲೆ ಮಾವ ಮಾತಾಡುತ್ತಿರಲಿಲ್ಲ. ಏನು ಕೇಳಿದರೂ ಮೂಗಿನಲ್ಲೇ ಒಂದು "ಹ್ಞೂಂ", ಬೇಡವಾದರೆ "ಹ್ಞೂಂಹ್ಞೂಂ". ನಾನು ಸಣ್ಣವನಿದ್ದಾಗಿನಿಂದ ಹೀಗೆಯೇ. ಅದು ಮೌನವ್ರತವೆಂದು ನಾವು ತಿಳಿದಿದ್ದೆವು. ಹೌದೆಂದು ಮಾವ ಹೇಳಿರಲಿಲ್ಲ, ಅಲ್ಲವೆಂದೂ ಹೇಳಿರಲಿಲ್ಲ. ಮೌನದಲ್ಲಿರುವವರು ಹೇಳುವುದಾದರೂ ಹೇಗೆ? ನೆರೆಮನೆಯವರು ಗಲಾಟೆ ಮಾಡುವ ತಮ್ಮ ಮಕ್ಕಳಿಗೆ, "ನೋಡಿ, ಅವರು ಮಲಗಿದರೆ ಒಂದು ಶಬ್ದ ಉಂಟಾ?" ಎಂದು ಬುದ್ಧಿ ಹೇಳುತ್ತಿದ್ದರು.

ಇಂಥ ಮನೆಗೆ ನಾನು ಒಂದು ದಿನ ಹೆಂಡತಿಯನ್ನೂ ಮಗಳನ್ನೂ ಬೊಂಬಾಯಿಯನ್ನೂ ಕರೆದುಕೊಂಡು ಹೋದೆ.

ನಾನು ಆಗ ಬೆಳ್ತಂಗಡಿಯಲ್ಲಿ ಸರಕಾರಿ ಕಚೇರಿಯೊಂದರ ಗುಮಾಸ್ತ. ಮಗಳಿಗೆ ಎರಡು ತುಂಬಿ ಮೂರು ನಡೆಯುತ್ತಿತ್ತು. ಇಟ್ಟ ಹೆಸರು ಬೇರೆ ಇತ್ತು, ಕರೆಯುವುದು ಬೇಬಿ ಎಂದು. ಬೇಬಿಗೆ ನಿದ್ರೆ ಬರಬೇಕಾದರೆ ಬಾಯಲ್ಲಿ ರಬ್ಬರಿನ ನಿಪ್ಪಲ್ ಬೇಕು. ಹಾಲಿನ ಬಾಟ್ಲಿಯದ್ದಲ್ಲ, ಸುಮ್ಮನೆ ಚೀಪುವ ಒಣ ನಿಪ್ಪಲ್. ಅದರಿಂದ ಹಾಲೂ ಬರುವುದಿಲ್ಲ, ನೀರೂ ಬರುವುದಿಲ್ಲ. ಹಿಂದುಗಡೆ ಒಂದು ಬಿಲ್ಲೆ, ಬಿಲ್ಲೆಗೊಂದು ಸಣ್ಣ ಬಳೆ. ನನ್ನ ಹೆಂಡತಿಯ ಅಣ್ಣ ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ; ಊರಿಗೆ ಬಂದಾಗ ತಂದವನು ಅವನು. "ಇದು ಬೊಂಬಾಯಿ" ಎಂದು ಹೇಳಿ ಕೊಟ್ಟ. ವಸ್ತುವಿನ ಹೆಸರು ಅದೇ ಇರಬೇಕೆಂದು ಬೇಬಿ ತಿಳಿದುಕೊಂಡಳು. ಅಲ್ಲಿಂದ ನಮ್ಮ ಮನೆಯಲ್ಲಿ ಬೊಂಬಾಯಿ ತಲೆದಿಂಬಿನ ಅಡಿಯಲ್ಲಿತ್ತು.

ಇದರಲ್ಲಿ ನಗುವಂಥದ್ದು ಇಲ್ಲಿಗೆ ಮುಗಿಯಿತು. ಹೆಂಡತಿಗೆ ಮತ್ತೆ ದಿನ ತುಂಬುತ್ತಾ ಬಂದಿತ್ತು. ಮಧ್ಯೆ ಒಂದು ಕೂಸು ಕೈಗೆ ಸಿಗದೆ ಹೋಗಿತ್ತು. ಬಂಟ್ವಾಳದ ಡಾಕ್ಟರು ಈ ಸಲ ಸ್ಪಷ್ಟವಾಗಿ ಹೇಳಿಬಿಟ್ಟಿದ್ದರು: ಹೆರಿಗೆಯ ತನಕ ಬಂಟ್ವಾಳದಲ್ಲಿ ತಾಯಿಯ ಮನೆಯಲ್ಲೇ ಇರಬೇಕು, ಹೆಚ್ಚು ಹೊತ್ತು ಮಲಗಿಯೇ ಇರಬೇಕು, ದೊಡ್ಡ ಮಗುವನ್ನು ಎತ್ತಬಾರದು, ರಾತ್ರಿ ಎದ್ದು ಕೂರಬಾರದು. ಹಾಗಾಗಿ ಬೇಬಿಯನ್ನು ಮೂಡುಬಿದಿರೆಯಲ್ಲಿ ಅಮ್ಮನ ಹತ್ತಿರ ಬಿಡುವುದೆಂದು ನಿಶ್ಚಯಿಸಿದ್ದೆವು. ಅದೇ ಡಾಕ್ಟರು ಹೊರಡುವಾಗ ಬೇಬಿಯ ಬಾಯಿಂದ ಬೊಂಬಾಯಿಯನ್ನು ತೆಗೆದು, ಎರಡು ಬೆರಳಿನಲ್ಲಿ ಎಳೆದು ನೋಡಿದರು.

"ರಬ್ಬರ್ ಸತ್ತಿದೆ. ಬುಡದಲ್ಲಿ ಬಿರುಕು ಬಿಟ್ಟಿದೆ ನೋಡಿ. ನಿದ್ರೆಯಲ್ಲಿ ತುಂಡಾಗಿ ಗಂಟಲಿಗೆ ಹೋದರೆ ನನ್ನ ಹತ್ತಿರ ತರ್ಲಿಕ್ಕೆ ಸಮಯ ಸಿಗುವುದಿಲ್ಲ. ಬಿಡಿಸಿ. ಹೊಸತೂ ಬೇಡ."

ಅಂದಿನಿಂದ ನನ್ನ ಹೆಂಡತಿ ಸರಿಯಾಗಿ ನಿದ್ರೆ ಮಾಡಿರಲಿಲ್ಲ. ಮಗು ಮಲಗಿದ ಮೇಲೆ ಮೆಲ್ಲಗೆ ಅದನ್ನು ಹೊರಗೆಳೆಯುವುದು, ಮಗು ಎದ್ದು ಅತ್ತರೆ ಮತ್ತೆ ಕೊಟ್ಟು ಕಾವಲು ಕೂರುವುದು. "ಅದು ಬಾಯಲ್ಲಿರುವ ಮಗುವನ್ನು ಬಿಟ್ಟು ನಾನು ಹೋಗುವವಳಲ್ಲ. ಬೊಂಬಾಯಿ ಬಿಟ್ಟ ಮೇಲೆ ಬಂಟ್ವಾಳ" ಎಂದಳು. ನಾನು ರಜೆ ಹಾಕಿದೆ.

ಮೂಡುಬಿದಿರೆಯಲ್ಲಿ ಮೊದಲ ಸಂಜೆ. ಊಟವಾಯಿತು. ಸೂರ್ಯ ಮುಳುಗಿದ, ಎಂದರೆ ಮಾವ ಕೈ ತೊಳೆದರು. ನಿಜವಾದ ಕತ್ತಲೆ ಬರುವ ಹೊತ್ತಿಗೆ ಬೇಬಿ ಕಣ್ಣು ತಿಕ್ಕಿಕೊಳ್ಳುತ್ತ ಚಾವಡಿಯ ನಡುವೆ ಬಂದು ನಿಂತು, "ಬೊಂಬಾಯಿ ಬೇಕು" ಎಂದಳು.

ಮಾವನ ಕೈಯಲ್ಲಿ ಜಪಸರ ನಿಂತಿತು.

"ಎಂತ ಬೇಕು?"

"ಬೊಂಬಾಯಿ."

ಊರಿನ ಹುಡುಗರೆಲ್ಲ ಮೀಸೆ ಮೂಡುವ ಮೊದಲೇ ಬೊಂಬಾಯಿಗೆ ಓಡುತ್ತಾರೆಂಬುದು ಮಾವನ ದೊಡ್ಡ ಕೊರಗು. ಆದರೆ ಹಾಲುಹಲ್ಲಿನ ಹೆಣ್ಣುಮಗುವಿನ ಬಾಯಿಂದ ಇದನ್ನು ಕೇಳಬೇಕಾಗುವುದೆಂದು ಅವರು ಎಣಿಸಿರಲಿಲ್ಲ. ನನ್ನ ಕಡೆ ತಿರುಗಿದರು.

"ಯಾರು ಮಾರಾಯ ಇದರ ತಲೆಗೆ ತುಂಬಿಸಿದ್ದು?"

"ಹಾಗಲ್ಲ ಮಾವ, ಅದು ಊರಲ್ಲ..."

"ಬೊಂಬಾಯಿ ಊರಲ್ವಾ? ನೀನು ಸರಕಾರದ ಕೆಲಸ ಮಾಡುವವನು, ಹಾಗೆಲ್ಲ ಹೇಳ್ಬೇಡ." ಅವರು ಬೇಬಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತರು. "ಅಲ್ಲಿ ಎಂತ ಉಂಟು ಬಾಲೆ? ಕುಡಿಯುವ ನೀರಿಗೆ ಸಾಲು ನಿಲ್ಲಬೇಕು. ಮಲಗ್ಲಿಕ್ಕೆ ಜಾಗ ಇಲ್ಲ. ನಾವು ಇಲ್ಲೇ ಇರುವ. ಆಯ್ತಾ?"

"ಬೊಂಬಾಯಿ ಬಾಯಿಗೆ ಬೇಕು" ಎಂದಳು ಬೇಬಿ.

ಅಷ್ಟರಲ್ಲಿ ಹೆಂಡತಿ ಚೀಲದಿಂದ ವಸ್ತುವನ್ನು ತಂದಳು. ಬೇಬಿ ಅದನ್ನು ಬಾಯಿಗಿಟ್ಟು, ಕಣ್ಣು ಅರ್ಧ ಮುಚ್ಚಿ, ಚಕಚಕ ಚೀಪತೊಡಗಿದಳು. ಮಾವ ಬಾಗಿಲಿನಿಂದ ಹೊರಗೆ ಆಕಾಶ ನೋಡಿದರು, ಮತ್ತೆ ಬೇಬಿಯ ಬಾಯಿ ನೋಡಿದರು, ಮತ್ತೆ ಆಕಾಶ ನೋಡಿದರು. ಆ ಮನೆಯಲ್ಲಿ ಕತ್ತಲಾದ ಮೇಲೆ ಒಂದು ಬಾಯಿ ಅಲ್ಲಾಡಿದ್ದನ್ನು ಅವರು ಈ ವರೆಗೆ ನೋಡಿರಲಿಲ್ಲ.

"ಸೂರ್ಯಾಸ್ತವಾಗಿದೆ" ಎಂದರು. ಕನ್ನಡದಲ್ಲಿ. ಅಮ್ಮ ಅಡುಗೆಮನೆಯಿಂದ ಹೊರಗೆ ಬಂದಳು.

ಮರುದಿನ ಬೆಳಿಗ್ಗೆ ಮಾವ ಇಂದ್ರರನ್ನು ಕರೆಸಿದರು. ಚಾವಡಿಯಲ್ಲಿ ಒಂದು ತುಂಡು ಬಾಳೆಲೆ, ಬಾಳೆಲೆಯ ಮೇಲೆ ಬೊಂಬಾಯಿ. ಇಂದ್ರರು ಸಾಧು ಮನುಷ್ಯ, ಸ್ನಾನ ಮಾಡಿ ಬಂದವರು. ಎಂಜಲೆಂದು ಒಂದು ಮೊಳ ದೂರ ಕುಳಿತರು. ಬೇಬಿ ಇನ್ನೊಂದು ಪಕ್ಕದಲ್ಲಿ, ತನ್ನ ಸೊತ್ತಿನ ಮೇಲೆ ಕಣ್ಣಿಟ್ಟು ಕುಳಿತಳು. ಪ್ರಶ್ನೆ ಇದು: ಈ ವಸ್ತು ಆಹಾರ ಹೌದೋ ಅಲ್ಲವೋ?

"ಆಹಾರ ನಾಲ್ಕು ವಿಧ" ಎಂದರು ಮಾವ. "ಖಾದ್ಯ, ಸ್ವಾದ್ಯ, ಲೇಹ್ಯ, ಪೇಯ. ಇದು ಖಾದ್ಯವಾ?"

"ಅಗಿಯುವುದಿಲ್ವಲ್ಲ ಯಜಮಾನ್ರೇ."

"ಪೇಯ?"

ಇಂದ್ರರು ಬಗ್ಗಿ ನೋಡಿದರು. "ಒಳಗೆ ಗಾಳಿ ಮಾತ್ರ ಉಂಟು. ಗಾಳಿ ಕುಡಿದರೆ ದೋಷ ಅಂತಾದರೆ ನಾವು ರಾತ್ರಿ ಉಸಿರಾಡ್ಲಿಕ್ಕಿಲ್ಲ."

"ಲೇಹ್ಯ?"

"ನೆಕ್ಕುತ್ತದಾ ಮಗು?"

"ಇಲ್ಲ. ಬಾಯಲ್ಲಿಟ್ಟು ಸುಮ್ಮನೆ ಸವಿಯುತ್ತದೆ."

"ಹಾಗಾದರೆ ಸ್ವಾದ್ಯಕ್ಕೆ ಹತ್ತಿರ ಬರ್ತದೆ. ಬಾಯಲ್ಲಿ ಇಟ್ಟುಕೊಂಡು ರಸ ತೆಗೆದುಕೊಳ್ಳುವಂಥದ್ದು. ಲವಂಗ, ಏಲಕ್ಕಿ, ವೀಳ್ಯ, ಅಡಿಕೆ..."

"ಸಾಕು, ಸಾಕು. ಎಲ್ಲ ಹೇಳ್ಬೇಕಂತ ಇಲ್ಲ" ಎಂದರು ಮಾವ, ಸ್ವಲ್ಪ ಅವಸರದಿಂದಲೇ. ಆಗ ನಾವು ಅದನ್ನು ಗಮನಿಸಲಿಲ್ಲ.

"ಆದರೆ ಸಣ್ಣ ಮಕ್ಕಳಿಗೆ ನಿಯಮ ಇಲ್ಲ ಯಜಮಾನ್ರೇ."

"ಮಕ್ಕಳಿಗೆ ಇಲ್ಲ. ಮನೆಗೆ ಉಂಟು." ಮಾವ ಗಂಟಲು ಸರಿಮಾಡಿಕೊಂಡರು. "ನುಂಗದೆ, ಅಗಿಯದೆ, ಬಾಯಲ್ಲಿಟ್ಟು ಸವಿಯುವ ಯಾವ ವಸ್ತುವೇ ಆಗಲಿ, ಅದು ಆಹಾರವೇ ಸರಿ. ಆದುದರಿಂದ ಈ ಮನೆಯಲ್ಲಿ ಸೂರ್ಯಾಸ್ತದ ಮೇಲೆ ಇದಕ್ಕೆ ಅವಕಾಶವಿಲ್ಲ."

ಹೆಂಡತಿಗೆ ಈ ತೀರ್ಪು ಕೇಳಿ ಸಂತೋಷವೇ ಆಯಿತು. ಡಾಕ್ಟರು ಒಂದು ದಾರಿಯಿಂದ ಬಂದು ಹೇಳಿದ್ದನ್ನು ಮಾವ ಇನ್ನೊಂದು ದಾರಿಯಿಂದ ಬಂದು ಹೇಳಿದ್ದರು. "ನೀವೇ ಬಿಡಿಸಿ ಕೊಡಿ ಮಾವ" ಎಂದಳು.

"ಬಿಡಿಸುವುದಾ? ಬಿಡುವ ವಿಷಯದಲ್ಲಿ ನನಗೆ ಎಷ್ಟು ವರ್ಷದ ಅಭ್ಯಾಸ ಗೊತ್ತುಂಟಾ?" ಎಂದರು ಮಾವ.

ಅವರ ಮೊದಲ ಪ್ರಯೋಗ ಕಿರಾತಕಡ್ಡಿ. ಜ್ವರಕ್ಕೆ ಕಹಿ ಕಷಾಯ ಮಾಡುತ್ತಾರಲ್ಲ, ಅದೇ. ಹೆಸರು ಹೇಳಿದರೆ ನಮ್ಮ ಕಡೆ ದೊಡ್ಡವರ ಜ್ವರವೂ ಇಳಿಯುತ್ತದೆ. ಮಾವ ಅದನ್ನು ಸ್ವತಃ ಅರೆದು, ಬೊಂಬಾಯಿಗೆ ದೇವರಿಗೆ ಗಂಧ ಹಚ್ಚುವಷ್ಟು ಶ್ರದ್ಧೆಯಿಂದ ಹಚ್ಚಿ, ಸಂಜೆ ಬೇಬಿಯ ಕೈಗೆ ಕೊಟ್ಟರು. ನಾವೆಲ್ಲ ಸುತ್ತ ನಿಂತು ನೋಡಿದೆವು. ಬೇಬಿ ಬಾಯಿಗಿಟ್ಟಳು. ಹುಬ್ಬು ಗಂಟಾಯಿತು. ಹೊರಗೆ ತೆಗೆದು ನೋಡಿದಳು. ಪುನಃ ಇಟ್ಟಳು. ಒಂದು ಗಳಿಗೆ ಬಿಟ್ಟು ಪೂರಾ ನುಣುಪಾದ ಬೊಂಬಾಯಿಯನ್ನು ಮಾವನ ಮುಂದೆ ಹಿಡಿದು, "ಅಜ್ಜ, ಇನ್ನೂ" ಎಂದಳು.

ಮಾವನಿಗೆ ಬಡಿದಂತಾಯಿತು. ಕಡ್ಡಿ ಕೆಟ್ಟಿರಬೇಕೆಂದು ಮರುದಿನ ಮಧ್ಯಾಹ್ನ ತಾವೇ ಒಂದು ಬೆರಳು ನೆಕ್ಕಿ ನೋಡಿದರು. ಕೆಟ್ಟಿರಲಿಲ್ಲ. ಸೂರ್ಯಾಸ್ತದ ತನಕ ನೀರು ಕುಡಿಯುತ್ತಲೇ ಇದ್ದರು. ಅಂದು ಮಾತ್ರ ಸೂರ್ಯನಿಗೆ ಆರು ಗಂಟೆ ದಾಟಿಸಿ ಮುಳುಗುವ ಅನುಮತಿ ಸಿಕ್ಕಿತು.

"ನೀವು ಬಿಟ್ಟ ಹಾಗಲಕಾಯಿ ಉಂಟಲ್ಲ ಅಣ್ಣ, ಅದನ್ನು ಇವಳಿಗೆ ಕೊಡುವ. ಹಾಳಾಗುವುದು ಬೇಡ" ಎಂದಳು ಅಮ್ಮ.

ಎರಡನೆಯ ಪ್ರಯೋಗ ಕಾಗೆ. ಬೇಬಿ ಆಟವಾಡುತ್ತಿದ್ದಾಗ ಮಾವ ಬೊಂಬಾಯಿಯನ್ನು ಎತ್ತಿ ಸೊಂಟದ ಮಡಿಕೆಯಲ್ಲಿ ಸಿಕ್ಕಿಸಿಕೊಂಡು, "ಬೊಂಬಾಯಿಯನ್ನು ಕಾಗೆ ಕೊಂಡುಹೋಯಿತು" ಎಂದು ಸಾರಿದರು. ಈ ಉಪಾಯವನ್ನು ಲೋಕದಲ್ಲಿ ಎಲ್ಲರೂ ಮಾಡಿದ್ದಾರೆ, ಎಲ್ಲ ಮಕ್ಕಳೂ ನಂಬಿದ್ದಾರೆ. ಬೇಬಿಯೂ ನಂಬಿದಳು. ನಂಬಿ, ಅಂಗಳಕ್ಕೆ ಹೋಗಿ, ಕಂಡ ಕಾಗೆಗೆಲ್ಲ "ಬೊಂಬಾಯಿ ಕೊಡು" ಎಂದು ಕೇಳತೊಡಗಿದಳು. ಸುಮ್ಮನೆ ಕೇಳಿದರೆ ಕೊಡಲಿಕ್ಕಿಲ್ಲವೆಂದು ತನ್ನ ಪಾಲಿನ ದೋಸೆಯನ್ನು ತುಂಡು ಮಾಡಿ ಗೋಡೆಯ ಮೇಲಿಟ್ಟಳು. ಕಾಗೆಗಳು ದೋಸೆ ತೆಗೆದುಕೊಂಡವು. ಬೊಂಬಾಯಿ ಕೊಡಲಿಲ್ಲ. ಸುದ್ದಿ ಕಾಗೆಗಳಲ್ಲಿ ಹಬ್ಬಿ, ಮಧ್ಯಾಹ್ನದ ಹೊತ್ತಿಗೆ ಊರಿನ ಕಾಗೆಗಳೆಲ್ಲ ನಮ್ಮ ಗೋಡೆಯ ಮೇಲಿದ್ದವು. ದಾರಿಯಲ್ಲಿ ಹೋಗುವವರು ನಿಂತು, "ಇವತ್ತು ಇಲ್ಲಿ ಎಂತ, ತಿಥಿಯಾ?" ಎಂದು ಕೇಳಿದರು. ತಿಥಿ ಮಾಡಿ ಕಾಗೆಗೆ ಪಿಂಡವಿಡುವ ಪದ್ಧತಿಯೇ ಇಲ್ಲದ ಜೈನರ ಮನೆಯ ಮುಂದೆ ಈ ಪ್ರಶ್ನೆ! ಮಾವ ಒಳಗೆ ಹೋಗಿ ಕುಳಿತರು.

ಸಂಜೆಯಾಗುತ್ತಲೇ ಬೇಬಿ ಕೆಂಪು ಮುಖ ಮಾಡಿಕೊಂಡು ಅವರ ಹತ್ತಿರ ಬಂದಳು.

"ಅಜ್ಜ, ಕಾಗೆ ಕಳ್ಳ. ಕಲ್ಲು ಹೊಡಿ."

ಅಹಿಂಸೆಯ ವಿಷಯದಲ್ಲಿ ಮಾವ ಪ್ರಾಮಾಣಿಕರು. ಇರುವೆ ಕಂಡರೂ ದಾಟಿ ಕಾಲಿಡುವವರು. "ಹೊಡಿಯಬಾರದು ಬಾಲೆ. ಅದಕ್ಕೂ ಜೀವ ಉಂಟಲ್ಲ, ಪಾಪ" ಎಂದು ಸಮಾಧಾನ ಮಾಡಲು ಬಗ್ಗಿದರು. ಬಗ್ಗಿದಾಗ ಸೊಂಟದ ಮಡಿಕೆ ಸಡಿಲಾಯಿತು. ಬೊಂಬಾಯಿ ಕೆಂಪು ಸಾರಣೆಯ ನೆಲಕ್ಕೆ ಬಿದ್ದು, ಎರಡು ಸಲ ಪುಟಿದು, ಬೇಬಿಯ ಕಾಲ ಬಳಿ ನಿಂತಿತು.

ಬೇಬಿ ಅದನ್ನು ನೋಡಿದಳು. ಮಾವನನ್ನು ನೋಡಿದ್ದು ಆಮೇಲೆ, ಬಹಳ ಹೊತ್ತು.

"ಅಜ್ಜ ಕಾಗೆ" ಎಂದಳು.

ಆ ರಾತ್ರಿ ಬೇಬಿ ಬೊಂಬಾಯಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೇ ಮಲಗಿದಳು. ಬೆಳಿಗ್ಗೆ ನೋಡಿದರೆ ಬುಡದ ಬಿರುಕು ಉಗುರು ಹೋಗುವಷ್ಟು ಅಗಲವಾಗಿತ್ತು. ಹೆಂಡತಿ ಅದನ್ನು ನನಗೂ ತೋರಿಸಿದಳು, ಮಾವನಿಗೂ ತೋರಿಸಿದಳು. ಅವಳ ಕಾಲು ಬಾತಿದ್ದವು. ನನ್ನ ರಜೆ ಮುಗಿಯುತ್ತಾ ಬಂದಿತ್ತು. ಮಧ್ಯಾಹ್ನ ಒಳಕೋಣೆಗೆ ಹೋಗಿ ನೋಡುತ್ತೇನೆ, ಬಂಟ್ವಾಳಕ್ಕೆಂದು ಕಟ್ಟಿಟ್ಟ ಚೀಲವನ್ನು ಬಿಚ್ಚಿ, ಸೀರೆಗಳನ್ನು ಪುನಃ ಪೆಟ್ಟಿಗೆಗೆ ಹಾಕುತ್ತಿದ್ದಾಳೆ.

"ಇದೆಂತ?"

"ನಾನು ಹೋಗುವುದಿಲ್ಲ. ಹೊಟ್ಟೆಯಲ್ಲಿರುವುದನ್ನು ನೋಡ್ಲಿಕ್ಕೆ ಹೋಗಿ ಇದನ್ನು ಕಳಕೊಂಡರೆ ಎಂತ ಮಾಡುವುದು? ಒಂದು ಹೋದದ್ದು ಸಾಲದಾ?"

ಮಾವ ಬಾಗಿಲಲ್ಲಿ ನಿಂತಿದ್ದರು. ಅವರು ಅಲ್ಲಿದ್ದುದು ನಮಗೆ ಗೊತ್ತಿರಲಿಲ್ಲ. ಈಗ ಒಂದು "ಆದುದರಿಂದ" ಬರುತ್ತದೆಂದು ನಾನು ಕಾದೆ. ಬರಲಿಲ್ಲ. ಅವರು ತುಳುವಿನಲ್ಲೇ, ಸಣ್ಣ ಸ್ವರದಲ್ಲಿ, "ಇವತ್ತು ಬಾಲೆ ನನ್ನೊಟ್ಟಿಗೆ ಮಲಗಲಿ. ನಾನು ನೋಡಿಕೊಳ್ತೇನೆ" ಎಂದು ಹೇಳಿ ಹೋದರು.

ದೀಪ ಹೊತ್ತಿಸಿದ ಸ್ವಲ್ಪ ಹೊತ್ತಿಗೆ ಚಾವಡಿಯಲ್ಲಿ ಮಾವನ ಹಾಸಿಗೆ ಬಿಡಿಸಿಯಾಯಿತು. ಪಕ್ಕದಲ್ಲಿ ಬೇಬಿ, ಬೇಬಿಯ ಮುಷ್ಟಿಯಲ್ಲಿ ಬೊಂಬಾಯಿ. ಬಾಯಿಗೆ ಇಡಬಾರದೆಂದು ಮಾವ ಕೈಸನ್ನೆ ಮಾಡಿದರು. ಮಲಗಿಯಾಗಿತ್ತು, ಮೌನವ್ರತ ಶುರುವಾಗಿತ್ತು. ನಾನು, ಹೆಂಡತಿ, ಅಮ್ಮ ಬಾಗಿಲ ಹಿಂದೆ ನಿಂತೆವು.

"ಅಜ್ಜ, ಕತೆ ಹೇಳು."

"ಹ್ಞೂಂಹ್ಞೂಂ."

"ಅಜ್ಜ, ಮಾತಾಡು."

"ಹ್ಞೂಂ."

ಬೇಬಿ ಎದ್ದು ಕುಳಿತಳು. ಈ "ಹ್ಞೂಂ" ಅನ್ನು ನಾವು ವರ್ಷಗಟ್ಟಲೆ ಕೇಳಿ ಕೈಮುಗಿದಿದ್ದೆವು. ಬಾಯಲ್ಲಿ ಏನನ್ನೋ ಇಟ್ಟುಕೊಂಡವರ ಸ್ವರ ಹೀಗಿರುತ್ತದೆಂದು ನಮಗೆ ಹೊಳೆಯಲಿಲ್ಲ. ಅದೇ ಕಸುಬಿನವಳಿಗೆ ಹೊಳೆಯಿತು. ಅವಳು ಮಾವನ ಎಡಗೆನ್ನೆಯನ್ನು ಒತ್ತಿ ನೋಡಿದಳು. ಗಟ್ಟಿಯಾಗಿತ್ತು. ಮತ್ತೆ ಯಾರ ಅಪ್ಪಣೆಗೂ ಕಾಯದೆ, ಅವರು ತಡೆಯುವಷ್ಟರಲ್ಲಿ, ಬಾಯೊಳಗೆ ಬೆರಳು ಹಾಕಿ, ಒಂದು ವಸ್ತುವನ್ನು ಹೊರತೆಗೆದು ಲಾಟೀನಿನ ಬೆಳಕಿಗೆ ಹಿಡಿದಳು.

ಚೀಪಿ ಚೀಪಿ ನುಣುಪಾದ ಒಂದು ಹೋಳು ಅಡಿಕೆ.

"ಅಜ್ಜನ ಬೊಂಬಾಯಿ" ಎಂದಳು.

ನನ್ನ ಆಯುಷ್ಯದಲ್ಲಿ ನಾನು ಅಷ್ಟು ದಂಗಾದದ್ದಿಲ್ಲ. ಮೌನವ್ರತ ಎಂಬುದು ಅಡಿಕೆಯ ಹೋಳಾಗಿತ್ತು! ಅದಕ್ಕಾಗಿ ನಾವು ಪಾತ್ರೆಗಳನ್ನು ಸದ್ದಾಗದಂತೆ ಇಟ್ಟಿದ್ದೆವು, ಕೆಮ್ಮು ಬಂದರೆ ಅಂಗಳಕ್ಕೆ ಹೋಗಿ ಕೆಮ್ಮಿದ್ದೆವು. ನೆರೆಮನೆಯ ಮಕ್ಕಳು ಬೈಸಿಕೊಂಡಿದ್ದರು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಮ್ಮ ಮಾತ್ರ ಎರಡು ಹೆಜ್ಜೆ ಮುಂದೆ ಹೋಗಿ ಮೆಲ್ಲಗೆ ಕೇಳಿದಳು:

"ಅಣ್ಣ, ಇದು ಯಾವುದರಲ್ಲಿ ಬರ್ತದೆ? ಖಾದ್ಯವಾ, ಸ್ವಾದ್ಯವಾ?"

ಮಾವ ಎದ್ದು ಕುಳಿತು ನೆಲ ನೋಡಿದರು. ಲಾಟೀನಿನ ಬೆಳಕಿನಲ್ಲಿ ಅವರ ಎಡಗೆನ್ನೆ ಒಳಗೆ ಹೋದಂತೆ ಕಂಡಿತು. ಆ ಹೊತ್ತಿನಲ್ಲಿ ಆ ಕೆನ್ನೆಯನ್ನು ಬರಿದಾಗಿ ನಾವು ಕಂಡದ್ದು ಅಂದೇ. ಮುದುಕರಾಗಿದ್ದರು. ಅದನ್ನೂ ನಾನು ಅಂದೇ ಕಂಡದ್ದು.

ಬೇಬಿಗೆ ಏನನಿಸಿತೋ, ಅಡಿಕೆಯನ್ನು ಅವರ ಮುಂದೆ ಚಾಚಿದಳು. "ಅಜ್ಜ, ತಕ್ಕೊ. ನಿಂಗೆ ನಿದ್ರೆ ಬರುವುದಿಲ್ಲ."

ಮಾವ ಆ ಪುಟ್ಟ ಕೈಯನ್ನು ಹಿಡಿದು, ಬೆರಳುಗಳನ್ನು ಒಂದೊಂದಾಗಿ ಅಡಿಕೆಯ ಮೇಲೆ ಮಡಚಿದರು.

"ನನ್ನದು ನಿನ್ನ ಹತ್ತಿರ ಇರಲಿ ಬಾಲೆ. ನಿನ್ನದು ನನ್ನ ಹತ್ತಿರ ಕೊಡು."

ಬೇಬಿ ಯೋಚಿಸಿದಳು. ಒಂದು ಕೈಯಲ್ಲಿ ಅಡಿಕೆ, ಇನ್ನೊಂದರಲ್ಲಿ ಬೊಂಬಾಯಿ. ನನ್ನ ತೋಳನ್ನು ಹೆಂಡತಿ ಗಟ್ಟಿಯಾಗಿ ಹಿಡಿದುಕೊಂಡಳು.

"ಕಾಗೆ?" ಎಂದು ಕೇಳಿದಳು ಬೇಬಿ.

"ಕಾಗೆಗೆ ಕೊಡುವುದಿಲ್ಲ. ನನ್ನ ಆಣೆ."

ಬೇಬಿ ಕೊಟ್ಟಳು. ಮಾವ ಅದನ್ನು ಸೊಂಟದಲ್ಲಿ ಸಿಕ್ಕಿಸಲಿಲ್ಲ, ಮುಷ್ಟಿಯಲ್ಲಿ ಹಿಡಿದುಕೊಂಡರು. ಇಬ್ಬರೂ ಮಲಗಿದರು. ನಿದ್ರೆ ಇಬ್ಬರಿಗೂ ಬರಲಿಲ್ಲ. ಒಮ್ಮೆ ಬೇಬಿ ಮಗ್ಗುಲು ಬದಲಾಯಿಸುವಳು, ಒಮ್ಮೆ ಮಾವ. ಬೇಬಿ ಸ್ವಲ್ಪ ಅತ್ತಳು, ಜೋರಾಗಿ ಅಲ್ಲ. ಮಾವ ಅವಳ ಬೆನ್ನು ತಟ್ಟುತ್ತಾ ಇದ್ದರು.

"ಅಜ್ಜ, ನಿಂಗೆ ಬೊಂಬಾಯಿ ಬೇಕಾ?"

"ಬೇಕು."

"ನಂಗೂ ಬೇಕು."

"ಹೌದು ಬಾಲೆ" ಎಂದರು ಮಾವ. ಅವಳಿಗೆ ಹೊದಿಕೆ ಎಳೆದು, "ಜೆಪ್ಪುಗ" ಎಂದರು. ಮಲಗುವ ಎಂದು ಅರ್ಥ. ಹಾಸಿಗೆ ಸೇರಿದ ಮೇಲೆ ಮಾವ ಬಾಯಿ ತೆರೆದು ಸ್ಪಷ್ಟವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಆ ರಾತ್ರಿಯೇ ಮೊದಲು.

ಒಳಗೆ ಬಂದ ಮೇಲೆ ನಾನು ಅಮ್ಮನನ್ನು ಕೇಳಿದೆ, "ನಿಂಗೆ ಮೊದಲೇ ಗೊತ್ತಿತ್ತಾ?"

"ಒಂದೇ ಮನೆಯಲ್ಲಿ ಹುಟ್ಟಿದವಳು ನಾನು."

"ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನಿದ್ರೆ ಮಾಡ್ತಿದ್ದರಲ್ಲ" ಎಂದಳು ಅಮ್ಮ.

ಮರುದಿನ ಬೆಳಿಗ್ಗೆ ಇಬ್ಬರೂ ಕೆಂಪು ಕಣ್ಣು ಮಾಡಿಕೊಂಡು ಎದ್ದರು. ಬೇಬಿ ಲಂಗದ ಜೇಬಿನಿಂದ ಅಡಿಕೆ ತೋರಿಸಿದಳು, ಮಾವ ಮುಷ್ಟಿ ಬಿಡಿಸಿ ಬೊಂಬಾಯಿ ತೋರಿಸಿದರು. "ಉಂಟಾ?" "ಉಂಟು." ಸಂಜೆ ಅದೇ ಹಾಸಿಗೆ, ಅದೇ ಒದ್ದಾಟ, ಅದೇ ಬೆನ್ನು ತಟ್ಟುವುದು. ಅದರ ಮರುದಿನವೂ ಅಷ್ಟೇ. ಮತ್ತೊಂದು ಸಂಜೆ ಬೇಬಿ ಕೇಳುವುದಕ್ಕೆ ಮೊದಲೇ ನಿದ್ರೆಗೆ ಜಾರಿದಳು. ಮಾವ ಎಚ್ಚರವಾಗಿಯೇ ಇದ್ದರು. ಹೆಂಡತಿ ಬಹಳ ಹೊತ್ತು ಬಾಗಿಲಲ್ಲಿ ನಿಂತು ಮಗಳ ತೆರೆದ, ಖಾಲಿ ಬಾಯನ್ನು ನೋಡಿ, ಒಳಗೆ ಹೋಗಿ ಚೀಲ ಕಟ್ಟಿದಳು.

ಅವಳು ಬಂಟ್ವಾಳಕ್ಕೆ ಹೋದಳು. ಮಾವ ಬೇಬಿಯನ್ನು ಎತ್ತಿಕೊಂಡು ಬಸ್ಸಿನ ತನಕ ಬಂದರು. ಹೆಂಡತಿಗೆ ಗಂಡು ಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಉಳಿದರು. ಬೇಬಿ ಮತ್ತೆ ಬೊಂಬಾಯಿ ಕೇಳಲಿಲ್ಲ.

ಆ ವರ್ಷದ ಪರ್ವದಲ್ಲಿ ಮಾವ ಬಸದಿಯಲ್ಲಿ, ಇಂದ್ರರ ಮುಂದೆ, ಪಡುವಲಕಾಯಿಯನ್ನು ಬಿಟ್ಟರು. ಪಡುವಲಕಾಯಿ ಅವರಿಗೆ ಸೇರುತ್ತಿರಲಿಲ್ಲ. ಅಡಿಕೆಯ ವಿಷಯ ಅವರು ಅಲ್ಲಿ ಹೇಳಲಿಲ್ಲ. ಅಡಿಕೆಯನ್ನು ಮತ್ತೆ ಬಾಯಿಗೆ ಹಾಕಲೂ ಇಲ್ಲ.